ಬೆನ್ನು

ಅಂಗಡಿ ಅಂದರೆ ಮೂರಡಿ. ಮಂಡಿಪೇಟೆಯ ಒಳಗಲ್ಲಿಯಲ್ಲಿ
ಒಂದೇ ಷಟರಿನ ಕೆಳಗೆ ನಾವಿಬ್ಬರು:
ಎಡಕ್ಕೆ ಮೊಬೈಲಿಗೆ ಗಾಜು ಕೂರಿಸುವ ನಾನು,
ಬಲಕ್ಕೆ ದಾದಾಪೀರಜ್ಜ, ಕಣ್ಣಿಗೆ ಕಚ್ಚಿಸಿದ ಮಸೂರ.
ಇಬ್ಬರಿಗೂ ಸೇರಿ ಒಂದೇ ಒಳ್ಳೆಯ ಚಿಮಟ. ದಿನಾ ಜಗಳ.

ಭಾನುವಾರ ರಾತ್ರಿ ಎಂಟಕ್ಕೆ ಕ್ಲಾಸು.
ಮಾತ್ರೆ ಡಬ್ಬಿ ಪೇರಿಸಿ, ರಬ್ಬರ್ ಬ್ಯಾಂಡ್ ಬಿಗಿದು
ಅಜ್ಜನೆದುರು ಫೋನು ನಿಲ್ಲಿಸುತ್ತೇನೆ.
ಚೌಕದ ಪಕ್ಕ ಚೌಕ, ಹನ್ನೊಂದು ಮುಖ.
ಹೊಳಲ್ಕೆರೆಯ ಕಂಡಕ್ಟರ್, ಡ್ಯೂಟಿಯಿದ್ದರೆ ಬಸ್‌ಸ್ಟ್ಯಾಂಡಿನಿಂದಲೇ.
ಗದಗಿನ ರಿಟೈರ್ಡ್ ನರ್ಸು ಎಸ್ತರಮ್ಮ.
ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟೇ ಕೂತ
ಮೊಳಕಾಲ್ಮೂರಿನ ಕಮಲಾಕ್ಷಿ.

"ಇದರ ಹೆಸರೇನು ಸಾರ್?"
ಅಜ್ಜನಿಗೆ ಪೇಚು. ನಲವತ್ತು ವರ್ಷ
ಅದನ್ನು ಎತ್ತಿದ್ದು, ಇಟ್ಟಿದ್ದು; ಕರೆದದ್ದೇ ಇಲ್ಲ.
ಅಲ್ಲೇ ಶುರುವಾಯಿತು ನಾಮಕರಣ:
ಎರಡು ಕೊಂಬಿನದು ಟಗರು.
ಅತ್ತಿತ್ತ ಓಲಾಡುವ ಚಕ್ರ ತೊಟ್ಟಿಲು.
ಅದರ ನಡುವಿನ ಸುರುಳಿ, ಕೂದಲಿಗಿಂತ ತೆಳ್ಳಗಿನದು,
"ಅದು ಉಸಿರು. ಅದರ ಹತ್ರ ಉಸಿರು ಬಿಡಬ್ಯಾಡ್ರಿ."
ಎಸ್ತರಮ್ಮ ಬರೆದುಕೊಂಡರು.

ಮಂಡಕ್ಕಿ ಭಟ್ಟಿಯವರ ವಾಚು ಬಿಚ್ಚಿದರೆ ಮಸಿ,
ದೋಸೆ ಹೋಟೆಲಿನವರದು ಬೆಣ್ಣೆ ಜಿಡ್ಡು.
ಮಿಲ್ಲಿನ ಕೂಗು ನಿಂತು ಎಷ್ಟೋ ಕಾಲವಾದರೂ
ಹಳೆಯ ಎಚ್ಎಂಟಿಗಳ ಹಲ್ಲುಸಂದಿಯಲ್ಲಿ
ಇನ್ನೂ ಸಿಗುತ್ತದೆ ಹತ್ತಿಯ ಎಳೆ.
ಅಜ್ಜ ಅದನ್ನೆತ್ತಿ ಕ್ಯಾಮೆರಾಕ್ಕೆ ತೋರಿಸಿದ:
"ಊರು ಗೊತ್ತಿಲ್ದೆ ವಾಚು ರಿಪೇರಿ ಆಗಲ್ರಿ."

ಮೂರನೇ ವಾರ ತಕರಾರು: ಟಿಕ್ ಕೇಳುತ್ತಿಲ್ಲ.
ಅಜ್ಜನ ಮಾತು ಕೇಳುತ್ತದೆ, ಗಲ್ಲಿಯ ಬೈಗುಳವೂ;
ವಾಚನ್ನು ಫೋನಿನ ಬಾಯಿಗೇ ಒತ್ತಿದರೂ ಆ ಕಡೆ ಮೌನ.
ಸೆಟ್ಟಿಂಗಿನಲ್ಲಿ ಹುಡುಕಿದೆ. ಫೋನು ತಾನೇ ತೀರ್ಮಾನಿಸಿತ್ತು
ಒಂದೇ ಸಮ ಬರುವ ಸದ್ದು ಗದ್ದಲವೆಂದು;
ಅಕ್ಕಿಯಿಂದ ಕಲ್ಲು ಆರಿಸಿದಂತೆ ಆರಿಸಿ ಎಸೆಯುತ್ತಿತ್ತು.
ಆ ಉಪಕಾರ ಸಾಕೆಂದು ಒಂದು ಗುಂಡಿ ಒತ್ತಿದೆ.
ಹನ್ನೊಂದು ಊರಲ್ಲಿ ಒಮ್ಮೆಲೇ ಟಿಕ್...
ಒಮ್ಮೆಲೇ ಅಲ್ಲ. ಗದಗಿಗೆ ಕೊಂಚ ತಡ,
ಮೊಳಕಾಲ್ಮೂರಿಗೆ ಇನ್ನೂ ತಡ.
"ಇರ್ಲಿ ಬಿಡು," ಅಂದ ಅಜ್ಜ, "ನಂಗೂ ತಡವಾಗೇ ಬಂತು."

ಐದನೇ ಭಾನುವಾರ ಉಸಿರಿನ ಪಾಠ:
ಸೊಟ್ಟಗಾದ ಸುರುಳಿಯನ್ನು ಮತ್ತೆ ಸುರುಳಿ ಮಾಡುವುದು.
ಅಜ್ಜ ಚಿಮಟ ಹಿಡಿದ. ಸ್ಟೂಲು ತಿರುಗಿತು.
ಪರದೆಯ ತುಂಬ ಅಂಗಿ, ಬೆವರಿನ ಕಲೆ.
"ಅಜ್ಜ, ಬೆನ್ನು ಕಾಣ್ತಿದೆ."
ತಿರುಗಿದ್ದೇ ಅವನಿಗೆ ಗೊತ್ತಿಲ್ಲ.

ಅಂಬಣ್ಣಾಚಾರ್ರ ಹತ್ತಿರ ಆರು ವರ್ಷ ಕಸ ಗುಡಿಸಿದವನು,
ಸೀಮೆಎಣ್ಣೆಯಲ್ಲಿ ಚಕ್ರ ತೊಳೆದವನು.
ಸುರುಳಿಯ ಕೆಲಸ ಬಂದರೆ ಆಚಾರ್ರ ಮುಖ ಗೋಡೆಗೆ.
ಎಡಭುಜ ಇಳಿದರೆ ಒತ್ತುತ್ತಿದ್ದಾರೆ,
ಕತ್ತಿನ ನರ ಬಿಗಿದರೆ ಎತ್ತುತ್ತಿದ್ದಾರೆ.
ಹೀಗೆ ಹಿಂದಿನಿಂದ ಓದಿದ ಓದು ಅವನದು.

ಸುಮಾರು ಹೊತ್ತು ಬೆನ್ನು ಅಲ್ಲಾಡಲಿಲ್ಲ.
ಚೌಕಗಳಲ್ಲಿ ಯಾರೂ ಕೆಮ್ಮಲಿಲ್ಲ.
ಫೋನು ಹಿಡಿದು ನಾನೇ ಆ ಕಡೆ ಹೋಗಬಹುದಿತ್ತು,
ಮೂರಡಿ ತಾನೆ. ಹೋಗಲಿಲ್ಲ.

ಸ್ಟೂಲು ಕಿರ್ರೆಂದಿತು.
ಕೈ ನಡುಗುತ್ತಿತ್ತು, ಗದಗಿಗೂ ಕಾಣುವಷ್ಟು.
ಅಡಗಿಸಿದ್ದು ವಿದ್ಯೆಯನ್ನೋ, ಇದನ್ನೋ,
ನಾನು ಕೇಳಲಿಲ್ಲ.
"ನೋಡ್ಕಳ್ರಿ," ಅಂದ, "ಕೈ ಹಿಂಗಿರಬಾರ್ದು."
ಚಿಮಟ ನನ್ನತ್ತ ಚಾಚಿದ. "ನೀ ಹಿಡಿಯವ್ವ, ನಾ ಹೇಳ್ತೀನಿ."

ಹೊರಸುತ್ತಿನಿಂದ ಒಳಕ್ಕೆ. ಒತ್ತಬೇಡ. ತಡಿ. ಹ್ಞಾಂ.
ಮಗ್ಗದ ಗುಂಡಿಯಿಂದ ಕಮಲಾಕ್ಷಿ ಬಾಯಿಬಿಟ್ಟಳು:
"ಸಿಕ್ಕಾದ ರೇಷ್ಮೆ ಎಳೆನೂ ಹಿಂಗೇ ಅಜ್ಜ.
ಎಳೀಬಾರ್ದು. ಅದು ಎತ್ತ ಹೋಗ್ತೀನಿ ಅಂತದೋ ಕೇಳ್ಬೇಕು."
ಅಜ್ಜ ಮಸೂರ ತೆಗೆದು ಬರಿಗಣ್ಣಲ್ಲಿ ಅವಳ ಚೌಕ ಹುಡುಕಿದ.
"ಇನ್ನೊಮ್ಮೆ ಹೇಳು," ಅಂದ.

ಈಗ ಚಿಮಟ ನನ್ನ ಕಡೆಯೇ ಇರುತ್ತದೆ.
ಜಗಳ ಮಾತ್ರ ನಿಂತಿಲ್ಲ.