ಹೆಬ್ಬೆಟ್ಟು

ಸೇಬು ಅಂತ ಹೇಳಿ ಮಾರಿದ್ದ, ಸೈಕಲ್ಲಿಗೆ
ಸಸಿ ಕಟ್ಟಿಕೊಂಡು ಥಳಿಗೆ ಬಂದವನು.
ನಾಲ್ಕನೇ ವರ್ಷ, ಶಿವರಾತ್ರಿ ಕಳೆದ ಮೇಲೆ ನೋಡಿದರೆ
ಕಾಯಿಗೆ ಮೈತುಂಬ ನವಿರು,
ಎಳೆಗೂಸಿನ ಕಿವಿಯ ಹಾಗೆ.
ಸೇಬಲ್ಲ ಇದು, ಅಂದೆ ನಾನು.
ಅತ್ತೆ ಅಂದರು: ತನ್ನನ್ನು ಏನಂತ ಮಾರಿದ್ದಾರೆ ಅಂತ
ಪಾಪ, ಮರಕ್ಕೇನು ಗೊತ್ತು.

ಹೊಸೂರಲ್ಲಿ ಉಳವರ್ ಸಂದೈ.
ಬಾಯಲ್ಲಿ ಎರಡು ಸಲ ಹೊರಳಿಸಿ ನೋಡಿ,
ಉಳುವವರ ಸಂತೆ, ನಮ್ಮದೇ ಮಾತು.
ಐದರ ಬಸ್ಸಲ್ಲಿ ಹೆಂಗಸರಿಗೆ ಟಿಕೀಟಿಲ್ಲ;
ಬುಟ್ಟಿಗೆ ಕೇಳುತ್ತಾನೆ ಕಂಡಕ್ಟರು,
ಒಂದು ಹಣ್ಣು ಕೊಟ್ಟರೆ ಮತ್ತಿಗಿರಿ ತನಕ ಮರೆಯುತ್ತಾನೆ.

ಬೆಳಿಗ್ಗೆ ಆರಕ್ಕೆ ಸೀಮೆಸುಣ್ಣದಲ್ಲಿ ಬೆಲೆ ಬರೆಯುತ್ತಾರೆ:
ಬದನೆ, ಬೀನ್ಸು, ಎಲೆಕೋಸು, ಪುದೀನ ಕಟ್ಟು.
ನಮ್ಮ ಹಣ್ಣಿಗೆ ಸಾಲೇ ಇಲ್ಲ.
ಅಧಿಕಾರಿ ಪರಂಧಾಮನ್ ಬುಟ್ಟಿಗೆ ಬಗ್ಗಿ, ಮೂಸಿ,
ಒಂದನ್ನು ತಿಂದು,
ಇನ್ನೊಂದನ್ನು ಅನುಮಾನ ಪರಿಹಾರಕ್ಕೆ ತಿಂದು,
ಹಲಗೆಯ ತಳದಲ್ಲಿ 'ಮಟ್ರವೈ' ಅಂತ ಬರೆದ.
ಮಿಕ್ಕಿದ್ದು ಅಂತ ಅರ್ಥ. ಕಿಲೋ ಅರವತ್ತು.

ಹೆಸರು ಹೇಳಿದವಳು ಬೇರೆ.
ಫ್ಯಾಕ್ಟರಿಯ ರಾತ್ರಿಪಾಳಿ ಮುಗಿಸಿ
ನಿದ್ದೆಗಣ್ಣಲ್ಲಿ ಟೊಮೇಟೊ ಕೊಳ್ಳಲು ಬಂದ ಕುಮಾಂವಿನ ಹುಡುಗಿ,
'ಆಡೂ! ಆಡೂ!' ಅಂತ ಕೂಗಿದಳು.
ಆಡೆಲ್ಲಿ, ಅಂತ ಅತ್ತೆ ಗಾಬರಿಯಲ್ಲಿ
ಸೆರಗಿಂದ ಬುಟ್ಟಿ ಮುಚ್ಚಿದರು.
ಅವಳು ನಿಂತಲ್ಲೇ ನಾಲ್ಕು ತಿಂದಳು,
ಮೊಣಕೈವರೆಗೂ ರಸ.
ಬೀಜಗಳನ್ನು ಕರ್ಚೀಫಿನಲ್ಲಿ ಗಂಟು ಹಾಕಿ
ಆಮೇಲೆ ಕೇಳಿದಳು, ಎಷ್ಟು ಅಂತ.

ಏಪ್ರಿಲ್ಲಿನಲ್ಲಿ ಎರಡು ಕಿಲೋ, ಮೂರು.
ಮೇ ಬಂದಾಗ ಕೊಂಬೆಗೆ ಕವಲುಗೋಲು ಕೊಟ್ಟೆವು.
ಬಾವಲಿಗೆ ಹೆದರಿ ನನ್ನ ಮದುವೆಯ ಧಾರೆಸೀರೆ ಒಂದುಬಿಟ್ಟು
ಉಳಿದ ಹಳೆ ಸೀರೆಗಳೆಲ್ಲ ಮರದ ಮೈಮೇಲೆ.
ಜವಳಗಿರಿ ಕಾಡಿನ ಆನೆಯೊಂದು ಬೇಲಿ ತನಕ ಬಂದು
ಏನು ನೆನಪಾಯಿತೋ, ತಿರುಗಿ ಹೋಯಿತು.

ಕೊಳ್ಳುವ ಮುಂಚೆ ಎಲ್ಲರೂ ಒತ್ತುತ್ತಾರೆ.
ಒತ್ತಬೇಡಿ ಅಂದರೆ, ನೋಡ್ತಿದ್ದೀನಷ್ಟೆ ಅನ್ನುತ್ತಾರೆ,
ಬೆರಳಿಗೆ ಕಣ್ಣಿದ್ದ ಹಾಗೆ.
ಎಂಟಕ್ಕೆ ಗುಳಿ. ಹತ್ತಕ್ಕೆ ಕಂದು.
ಬಿಸಿಲೇರುವ ಹೊತ್ತಿಗೆ ಊರಿನ ಹೆಬ್ಬೆಟ್ಟೆಲ್ಲ ನಮ್ಮ ಬುಟ್ಟಿಯಲ್ಲಿ,
ರಿಜಿಸ್ಟ್ರಾರ್ ಕಚೇರಿ ಸೋಲಬೇಕು.
ಅವನ್ನು ಯಾರೂ ಕೊಳ್ಳುವುದಿಲ್ಲ,
ಒತ್ತಿದವರೂ.
ರಾತ್ರಿ ಅವು ನಮಗೆ. ಮುದ್ದೆ ಉಂಡು,
ಕರೆಂಟು ಹೋದ ಜಗಲಿಯಲ್ಲಿ ಕೂತು,
ಯಾರದೋ ಬೆರಳು ಬಿದ್ದ ಕಡೆಯಿಂದಲೇ ಕಚ್ಚುತ್ತೇವೆ.

ಸಂತೆಯ ಕಾರ್ಡು ಅತ್ತೆ ಮುನಿಚೌಡಮ್ಮನ ಹೆಸರಲ್ಲಿ.
ಮೇ ಕೊನೆಗೆ ಹೊಸ ಯಂತ್ರ ತಂದಿಟ್ಟರು.
ಬೆರಳಿಡಿ ಅಂದರು. ಇಟ್ಟರು. ಕೆಂಪು ದೀಪ.
ಸೆರಗಿಗೆ ಒರೆಸಿ ಇಟ್ಟರು. ಕೆಂಪು.
ಎಡಗೈ. ಕೆಂಪು.
ಹುಣಸೆ ಕುಟ್ಟಿ, ರಾಗಿ ಬೀಸಿ, ಬೂದಿಯಲ್ಲಿ ಪಾತ್ರೆ ತಿಕ್ಕಿ
ಗೆರೆಯೆಲ್ಲ ಯಾವತ್ತೋ ಸವೆದಿದ್ದವು.
ಪರಂಧಾಮನ್ ತಲೆ ತಗ್ಗಿಸಿ ಹೇಳಿದ,
ಯಂತ್ರದ ಪ್ರಕಾರ, ಅಮ್ಮ, ನೀವು ನೀವಲ್ಲ.

ಅತ್ತೆ ಬುಟ್ಟಿಯ ಮೇಲಿಂದ ಒಂದು ಹಣ್ಣು ತೆಗೆದರು,
ಎರಡು ತಿಂಗಳಲ್ಲಿ ಒಮ್ಮೆಯೂ ಒತ್ತದವರು
ಹೆಬ್ಬೆರಳು ಊರಿ ಒತ್ತಿದರು.
ಅವನ ಮೇಜಿನ ಮೇಲಿಟ್ಟು
ಬಂದು ತಕ್ಕಡಿ ಹಿಡಿದು ಕೂತರು.
ಎಂಟಾಯಿತು, ಒಂಬತ್ತಾಯಿತು.
ಹತ್ತಕ್ಕೆ ಅವನು ಹಣ್ಣನ್ನು ಬೆಳಕಿಗೆ ಹಿಡಿದು
ತಿರುಗಿಸಿ ತಿರುಗಿಸಿ ನೋಡಿದ್ದು ಕಂಡೆ.
ಕೈಯಲ್ಲೇ ಒಂದು ಚೀಟಿ ಬರೆದು ಸೀಲು ಗುದ್ದಿ ಕೊಟ್ಟ.
ಹಣ್ಣು ವಾಪಸು ಕೊಡಲಿಲ್ಲ.

ಜೂನ್ ಎರಡನೇ ವಾರಕ್ಕೆ ಮುಗಿಯಿತು. ಕೊನೆಗೆ ಏಳು.
ಆ ಹುಡುಗಿಗೆಂದು ಎತ್ತಿಟ್ಟಿದ್ದೆ, ಪಾಳಿ ಬದಲಾಗಿತ್ತೋ ಏನೋ,
ಬರಲಿಲ್ಲ.
ಹಲಗೆಯ ತಳದಲ್ಲಿ 'ಮಟ್ರವೈ' ಹಾಗೇ ಇತ್ತು,
ಯಾರೂ ಅಳಿಸಿರಲಿಲ್ಲ.
ಅದರಡಿ ಕೂತು ಹುಣಸೆ ಚಿಗುರು ಮಾರಿದೆವು.