ಸೇತುವೆಯ ನಡುವೆ ಎಡಕ್ಕೆ

ಝೇನ್ಸ್‌ವಿಲ್ಲಿನಲ್ಲಿ ದಾರಿ ಕೇಳಿದರೆ
ಸೇತುವೆಯ ನಡುಮಧ್ಯಕ್ಕೆ ಹೋಗಿ ಎಡಕ್ಕೆ ತಿರುಗಿ ಅನ್ನುತ್ತೇವೆ.
ಹೊಳೆಗೆ ಬೀಳಲೇ, ಅಂತ ನಗುತ್ತಾರೆ ಹೊರಗಿನವರು.
ಲಿಕಿಂಗ್ ಬಂದು ಮಸ್ಕಿಂಗಮ್ಮಿಗೆ ಸೇರುವಲ್ಲಿ
ಕವೆಗೋಲಿನ ಹಾಗೆ ಮೂರು ಕೈ ನಮ್ಮ ಸೇತುವೆಗೆ:
ಒಂದು ಪೇಟೆಗೆ, ಒಂದು ಅವರ ಕಾಲೇಜಿಗೆ, ಒಂದು ನಮ್ಮದಕ್ಕೆ.

ಆ ಆಗಸ್ಟಿನಲ್ಲಿ ರಸೆಲ್ ಕ್ವಾರ್ಲ್ಸ್
ನಡುವಿನ ತನಕ ಎಂದಿನಂತೆ ಬಂದು
ಈ ಕಡೆ ತಿರುಗಿದ.
ಅವನು ಮಾಡಿದ್ದು ಅಷ್ಟೇ.

ನಾನು ಸಾಮಾನು ಕೋಣೆಯವನು. ಹೆಲ್ಮೆಟ್ಟಿನ ತಿರುಪು,
ಬೂಟಿನ ಮೊಳೆ, ಬೆವರು ಕುಡಿದ ಅಂಗಿ, ಇಷ್ಟು ನನ್ನ ರಾಜ್ಯ.
ನಿಯಮ ನನ್ನ ತನಕ ಬರುವುದು ಚೀಟಿಯಾಗಿ.
ಕ್ವಾರ್ಲ್ಸ್‌ಗೆ ಹೆಲ್ಮೆಟ್ ಕೊಡಬಹುದು. ಹಲ್ಲಿನ ಕವಚ ಕೊಡಬಹುದು.
ಪಂದ್ಯದ ಅಂಗಿ ಕೊಡಬಾರದು. ಬಸ್ಸಿನಲ್ಲಿ ಸೀಟಿಲ್ಲ.
ಒಂದು ವರ್ಷ ಇಲ್ಲಿ ಉಣ್ಣಲಿ, ಓದಲಿ, ಬೀಳಲಿ, ಏಳಲಿ,
ಆಡಬಾರದು.

ಹಳೆಯ ಕೋಚು ಬಿಡುಗಡೆ ಪತ್ರ ಕೊಟ್ಟರೆ
ನಮ್ಮ ಲೀಗಿನಲ್ಲಿ ಅರ್ಧ ವರ್ಷ ಮಾಫಿ.
ಅವರ ಕೋಚು ಪೆನ್ನಿನ ಮುಚ್ಚಳ ತೆಗೆಯಲೇ ಇಲ್ಲವಂತೆ.
“ಅಲಾಸ್ಕಾಕ್ಕೆ ಹೋಗು, ಸಹಿ ಹಾಕುತ್ತೇನೆ.
ಕಣ್ಣೆದುರಿನ ದಡಕ್ಕೆ ಹಾಕಲಾರೆ.”

ಅರ್ಜಿಯಲ್ಲಿ ಕಾರಣಕ್ಕೆ ಬಿಟ್ಟ ಜಾಗ ಬೆರಳಗಲ.
ಅವನು ಬರೆದದ್ದು: ಮನೆಗೆ ಹನ್ನೊಂದು ನಿಮಿಷ ಹತ್ತಿರ.
ಆಫೀಸಿನ ತುಂಬ ನಗು. ನಾನೂ ನಕ್ಕೆ, ಸುಳ್ಳೇಕೆ.
ಕಷ್ಟವನ್ನು ಕಷ್ಟ ಎಂದು ಒಪ್ಪಲು ಸಮಿತಿಗೆ
ಮೈಲಿ ಬೇಕು, ವೈದ್ಯರ ಮೊಹರು ಬೇಕು;
ನಿಮಿಷಗಳು ಯಾವ ಕಲಮಿನಲ್ಲೂ ಇರಲಿಲ್ಲ.

ಅಜ್ಞಾತವಾಸ ಅನ್ನೋಣವೆಂದರೆ
ಇಡೀ ಊರಿಗೆ ಗುರುತು ಅವನ ನಡಿಗೆ.
ಕ್ಷೌರದಂಗಡಿಯ ಓಟಿಸ್, ಅರ್ಧ ಗಡ್ಡ ಬೋಳಿಸಿ,
ಕತ್ತಿ ಕೆಳಗಿಟ್ಟು ಕಾಫಿಗೆ ಹೋದನಂತೆ.
ನಮ್ಮ ಹುಡುಗರೇನು ಕಮ್ಮಿ? ಊಟದ ಮೇಜಿನಲ್ಲಿ
ನಡುವೆ ಒಂದು ಕುರ್ಚಿ ಬಿಟ್ಟು ಕೂತರು,
ಸೂತಕದ ಮನೆಯವನೆಂಬಂತೆ.

ನವೆಂಬರ್. ಅವರ ಮೇಲಿನ ಪಂದ್ಯದ ವಾರ.
ಅಭ್ಯಾಸಕ್ಕೊಬ್ಬ ಸುಳ್ಳು ಎದುರಾಳಿ ಬೇಕು.
ಕೋಚು ನನ್ನ ಕಿಟಕಿಗೆ ಬಾಗಿ, ನೀಲಿ ಅಂಗಿ ಒಂದು, ಅಂದರು,
ನಂಬರು ಹದಿನಾಲ್ಕು.
ಅಲ್ಲಿದ್ದಾಗ ಅದು ಇವನದೇ. ಈಗ ಹಾಲಿಸ್ ಡನವೇ ಎಂಬ ಹುಡುಗನದು.
ಆ ಹುಡುಗ ಚೆಂಡು ಎಸೆಯಲು ಕಲಿತದ್ದೇ
ಎರಡು ವರ್ಷ ಬೆಂಚಿನಿಂದ ಇವನನ್ನು ನೋಡಿ.
ಬಕೆಟ್ಟಿನಲ್ಲಿ ಬಣ್ಣ ಕಲಸಿ ನಾನೇ ಅದ್ದಿದೆ ಅಂಗಿಯನ್ನು.

ಮೂರು ಹೆಜ್ಜೆ ಹಿಂದೆ, ಎಡಭುಜ ಒಂಚೂರು ಕೆಳಗೆ:
ತನ್ನನ್ನು ನಕಲು ಮಾಡಿದವನ ನಕಲು ಮಾಡುತ್ತ ರಸೆಲ್
ಸೋಮವಾರ, ಮಂಗಳವಾರ ನೆಲ ಕಚ್ಚಿದ.
ಮನಸಾರೆ ಕೆಡವಿದರು ನಮ್ಮವರು.
ಬುಧವಾರ ಯಾರೋ ಕೈ ಚಾಚಿ, “ಏಳು, ಹದಿನಾಲ್ಕು,” ಅಂದರು.
ಹೆಸರು ಅಂತೂ ಬಾಯಿಗೆ ಬರಲಿಲ್ಲ.

ಶನಿವಾರ ಎರಡು ಅಂಕಕ್ಕೆ ಸೋತೆವು.
ನಾಲ್ಕು ನಿಮಿಷದ ದಾರಿಗೂ ನಮಗೆ ಬಸ್ಸು;
ಬರುವಾಗ ಸೇತುವೆಯ ಕವಲಿನಲ್ಲಿ ಅವನಿದ್ದ,
ಹೆಗಲ ಮೇಲೆ ಆರು ವರ್ಷದ ಪೋರ,
ಒಂದೇ ಕೈಗವಸು ಹಾಕಿಕೊಂಡು, ಎರಡೂ ಕೈ ಬೀಸುತ್ತ.
ಆ ದಡದ ಕೂಗು ಈ ದಡದ ನಿಟ್ಟುಸಿರು ಎರಡೂ
ಅಲ್ಲಿಗೆ ಒಂದೇ ಸದ್ದಾಗಿ ತಲುಪಿರಬೇಕು.
ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ.
ಹನ್ನೊಂದು ನಿಮಿಷ ಯಾವುದೆಂದು ಆಮೇಲೂ ನಾನು ಕೇಳಲಿಲ್ಲ.

ಸೋಮವಾರ ಎಲ್ಲ ಒಟ್ಟಿಗೆ ಮೆಷಿನ್ನಿಗೆ ತುಂಬಿದೆ,
ಮರೆತು ಅನ್ನಿ.
ನಲವತ್ತು ಬಿಳಿ ಅಂಗಿಗೆ ಆ ನೀಲಿ ಹತ್ತಿತು.
ಸೋಪಿನ ಪುಡಿಯ ತಪ್ಪು ಅಂತ ರಿಜಿಸ್ಟರಿಗೆ ಬರೆದೆ.
ಅಲ್ಲೂ ಕಾರಣಕ್ಕೆ
ಬೆರಳಗಲ ಜಾಗ.