ಏಳನೆಯ ತಿಂಗಳು

ಏಳನೆಯ ತಿಂಗಳು ಹುಟ್ಟಿತೆಂದರೆ
ನನ್ನ ಫೋನು ಸತ್ತ ಮೀನು.
ಮೇಜಿನ ಮೇಲೆ ಕಣ್ಣು ಬಿಟ್ಟುಕೊಂಡು ಬಿದ್ದಿರುತ್ತದೆ.
ತೈಪೆಯಲ್ಲಿ ಈಗ ಯಾರೂ ಮನೆ ನೋಡುವುದಿಲ್ಲ.
ಪಾತಾಳದ ಕದ ತೆರೆದಿದೆ, ತಿಂಗಳು ಪೂರ್ತಿ;
ಹೋದವರೆಲ್ಲ ಹಸಿದು ಬರುತ್ತಾರೆ.
ಹೊಸ ಬೀಗಕ್ಕೆ ಕೀಲಿ ತಿರುಗಿಸಿದರೆ
ಬೆನ್ನ ಹಿಂದೆಯೇ ಇನ್ನೊಬ್ಬರು ಒಳಗೆ ಬಂದಾರು.

ನಮ್ಮ ಕಸುಬಿಗೂ ಒಂದು ಪಂಚಾಂಗವಿದೆ.
ಹೊಸವರ್ಷದ ಬೋನಸ್ಸು ಕೈಗೆ ಬಿದ್ದ ಗಂಡಸರು
ಮಾರ್ಚಿಯಲ್ಲಿ ಬಂದು ಗೋಡೆ ತಟ್ಟುತ್ತಾರೆ,
ಕಲ್ಲಂಗಡಿ ತಟ್ಟಿದಂತೆ.
ಮೇ ಕಳೆಯುವಾಗ ಹಿಡಿಯುವ ಜಡಿಮಳೆಗೆ
ಚಾವಣಿಯ ಗುಟ್ಟು ರಟ್ಟಾಗುತ್ತದೆ;
ಮಾರುವವರ ಅತ್ತೆಗೆ ಆಗಲೇ ಹುಷಾರು ತಪ್ಪುತ್ತದೆ,
‘ಮುಂದಿನ ವಾರ ಬನ್ನಿ.’
ಶಾಲೆಗೆ ಮುಂಚೆ ತಾಯಂದಿರು,
ವರ್ಷ ಮುಗಿಯುವ ಮುಂಚೆ ಸಾಲಗಾರರು.
ಕಟ್ಟಿ ನೋಡಿದವರಲ್ಲ ನಾವು,
ಕಟ್ಟಿದ್ದನ್ನು ಕೊಂಡು ನೋಡುವವರು.

ಏಳನೆಯದು ಮಾತ್ರ ಯಾರದ್ದೂ ಅಲ್ಲ.
ಹಳೆಯ ಬೋರ್ಡುಗಳ ಧೂಳು ಒರೆಸುತ್ತ ಕೂತಿದ್ದೆ.

ಬಂದಳು ಕೋ ಪೇ-ಶಾನ್,
ಬಸ್ ಡಿಪೋದಲ್ಲಿ ಟೈರು ಬದಲಿಸುವವಳು.
‘ಈಗ ಬೆಲೆ ಇಳಿದಿರುತ್ತದಲ್ಲ?’
ದೆವ್ವಕ್ಕೆ ಹೆದರಲ್ಲವಾ, ಅಂದೆ.
‘ಬಾಡಿಗೆಗೆ ಹೆದರುತ್ತೇನೆ.’

ವೆನ್‌ಷಾನಿನಲ್ಲಿ ಒಂದಿತ್ತು. ನಾಲ್ಕನೆಯ ಮಹಡಿ.
ನಾಲ್ಕು ಎಂದರೂ ಸಾವು ಎಂದರೂ
ನಮ್ಮ ನಾಲಗೆಗೆ ಹೆಚ್ಚುಕಡಿಮೆ ಒಂದೇ.
ಅದಕ್ಕಿಷ್ಟು ಕಡಿತ, ಲಿಫ್ಟಿಲ್ಲದ್ದಕ್ಕಿಷ್ಟು,
ತಿಂಗಳಿಗಿಷ್ಟು.
ಮೆಟ್ಟಿಲು ಹತ್ತುತ್ತಲೇ
ಬೆರಳ ಗೆಣ್ಣಿನಲ್ಲಿ ಲೆಕ್ಕ ಹಾಕಿದಳು,
ಮೂರನೆಯ ಮಹಡಿಯಲ್ಲಿ ನಿಂತು
ಮತ್ತೆ ಮೊದಲಿನಿಂದ ಎಣಿಸಿದಳು.

ಮನೆ ಲಿಯಾವ್ ಮಾವೊ-ಶೆಂಗನದು. ಗಡಿಯಾರ ರಿಪೇರಿಯವನು.
ಹೆಂಡತಿ ಫೆಬ್ರವರಿಯಲ್ಲಿ ಹೋದಳು.
ಅಂಗಡಿ ಮುಚ್ಚಿ ಕೀಲುಂಗಿಗೆ, ತಮ್ಮನ ಹತ್ತಿರ.
ಅವನನ್ನು ಬಾಲ್ಕನಿಗೆ ಕರೆದು
ನನ್ನ ಕಮಿಷನ್ನಿನ ಆಸೆಯನ್ನೂ ಸೇರಿಸಿ ಹೇಳಿದೆ:
ಇಪ್ಪತ್ತು ದಿನ ತಾಳಿ.
ಎಂಟನೆಯ ತಿಂಗಳಿಗೆ ನೂರಕ್ಕೆ ಎಂಟಾದರೂ ಮೇಲೆ ಬರುತ್ತದೆ.
‘ಎಂಟರಲ್ಲಿ ಅವಳು ಇಲ್ಲಿರುವುದಿಲ್ಲ,’ ಅಂದ.

ನನಗೆ ತಕ್ಷಣ ತಿಳಿಯಲಿಲ್ಲ.

‘ಈಗಲಾದರೆ ಬಂದಿದ್ದಾಳೆ. ಕಣ್ಣೆದುರೇ ಕೀಲಿ ಕೊಡುತ್ತೇನೆ.
ಮುಂದಿನ ವರ್ಷ ಬಂದು
ಈ ಹುಡುಗಿಯ ಬಾಗಿಲಲ್ಲಿ ನಿಲ್ಲಬಾರದು, ಪಾಪ.
ಕೀಲುಂಗಿಗೆ ಎರಡು ಬಸ್ಸು ಬದಲಿಸಬೇಕು;
ಅವಳಿಗೆ ಮೊದಲಿನಿಂದಲೂ
ದಾರಿಯ ಗುರುತು ಸಾಲದು.’

ಹದಿನೈದನೆಯ ದಿನ ಸಹಿ.
ಕಟ್ಟಡದ ಕೆಳಗೆ ಮೇಜುಗಳ ಸಾಲು:
ನೂಡಲ್ಸು, ಬಿಯರು, ಅನಾನಸು, ಬಿಸ್ಕತ್ತು,
ಒಂದೊಂದಕ್ಕೂ ಒಂದೊಂದು ಊದುಕಡ್ಡಿ ಚುಚ್ಚಿ.
ಲಿಯಾವನ ಎಡೆ ಬೇರೆ, ಮೇಲೆ, ಬಾಗಿಲ ಪಕ್ಕ.
ಜೊತೆಗೆ ಬೋಗುಣಿ ತುಂಬ ನೀರು, ಹೊಸ ಟವಲು:
ದೂರದಿಂದ ಬಂದವರು ಮೊದಲು
ಮುಖ ತೊಳೆಯಬೇಕಲ್ಲ.

ಡಿಪೋದಿಂದ ಓಡಿ ಬಂದ ಪೇ-ಶಾನ್
ನೀರು ಕಂಡದ್ದೇ ಕೈ ಅದ್ದಿಬಿಟ್ಟಳು.
ಮೊಣಕೈವರೆಗೆ ಉಜ್ಜಿದಳು,
ಟವಲಿಗೂ ಕಪ್ಪು ಬಳಿದು
ನಮ್ಮಿಬ್ಬರ ಮುಖ ನೋಡಿದಳು.
ನನ್ನ ಎದೆ ಧಸಕ್ಕೆಂದಿತು; ವ್ಯವಹಾರ ಮುರಿಯಿತು, ಅಂದುಕೊಂಡೆ.

ಲಿಯಾವ್ ಬೋಗುಣಿ ಎತ್ತಿಕೊಂಡು ಒಳಗೆ ಹೋದ.
ನಲ್ಲಿಯ ಸದ್ದು ಬಹಳ ಹೊತ್ತು ಕೇಳಿಸಿತು.
ಹೊಸ ನೀರು ತಂದಿಟ್ಟು,
‘ಸೋಪು ಬಚ್ಚಲಲ್ಲಿದೆ,’ ಅಂದ ಅವಳಿಗೆ,
‘ಎಡಗಡೆಯ ನಲ್ಲಿ ಸ್ವಲ್ಪ ಬಿಗಿ,
ಎತ್ತಿ ತಿರುಗಿಸಬೇಕು.’
ಹೇಳಿದ್ದು ಅವಳಿಗೆ,
ನೋಡಿದ್ದು ಬಾಗಿಲ ಕಡೆ.

ಆಮೇಲೆ ಸಹಿ, ಮುದ್ರೆ, ಕೆಂಪು ಶಾಯಿ.
ಕೀಲಿಗಳನ್ನು ಒಂದೊಂದಾಗಿ ಎಣಿಸಿ ಕೊಟ್ಟ.
ಕೀಲುಂಗಿನ ವಿಳಾಸ ಗಟ್ಟಿಯಾಗಿ ಓದಿದ,
ಬೀದಿ, ಓಣಿ, ಮನೆ ನಂಬರು,
ಎರಡು ಸಲ.
ಕಾಗದಪತ್ರಕ್ಕೆ ಒಂದು ಸಲ ಸಾಕಾಗಿತ್ತು.

ಎಂಟನೆಯ ತಿಂಗಳ ಮೊದಲ ದಿನ
ಬೆಳಗ್ಗೆ ಎಂಟಕ್ಕೇ ಫೋನಿಗೆ ಜೀವ ಬಂತು.
ವೆನ್‌ಷಾನಿನ ಆ ಮನೆ ಇದೆಯಾ?
ಹೋಯಿತು.
ಎಷ್ಟಕ್ಕೆ?
ಹೇಳಿದೆ.
ಅಯ್ಯೋ, ಅಷ್ಟು ಕಡಿಮೆಗಾ? ಯಾಕೆ ಕೊಟ್ಟರು?

ಅವರಿಗೆ ಅರ್ಜೆಂಟಿತ್ತು, ಅಂದೆ.